ಮುಂಬೈ ಫ್ಲ್ಯಾಟಲ್ಲಿ ಕ್ಯೂಬಾದ ರುಂಬಾ ಕಲಿಯೋದು ಹೇಗೆ

ರುಂಬಾ ಅಂದ್ರೆ ಕ್ಯೂಬಾದ ಆಫ್ರಿಕನ್ ಮೂಲದ ಜನರ ಡ್ರಮ್, ಹಾಡು, ಕುಣಿತ. ಅದಕ್ಕೆ ಕೈಯಲ್ಲಿ ನುಡಿಸೋ ಉದ್ದನೆ ಡ್ರಮ್ ಕಾಂಗಾ ಕೊಳ್ಳೋಕೆ ಮುಂಚೆ ಬರೀ ಚಪ್ಪಾಳೆ ಸಾಕು, ಯಾಕಂದ್ರೆ ಆಫ್ರೋ ಕ್ಯೂಬನ್ ಸಂಗೀತದ ಬೆನ್ನೆಲುಬೇ ಕ್ಲಾವೆ ಅನ್ನೋ ಐದು ಪೆಟ್ಟಿನ ತಾಳ, ಅದು ಮೈಗೆ ಹತ್ತದೆ ಡ್ರಮ್ ಮುಟ್ಟಿ ಪ್ರಯೋಜನ ಇಲ್ಲ. 1ರಿಂದ 16ರ ತನಕ ಸಮವಾಗಿ ಎಣಿಸ್ತಾ 1, 4, 7, 11, 13ಕ್ಕೆ ಚಪ್ಪಾಳೆ ಹೊಡೀರಿ, ಕಾಲು ಮಾತ್ರ 1, 5, 9, 13ಕ್ಕೆ. ಇದು ಸೋನ್ ಅನ್ನೋ ಇನ್ನೊಂದು ಕ್ಯೂಬನ್ ಶೈಲಿಯ ಕ್ಲಾವೆ. ಮೂರನೇ ಚಪ್ಪಾಳೆನ 7ರಿಂದ 8ಕ್ಕೆ ತಳ್ಳಿದ್ರೆ ರುಂಬಾ ಕ್ಲಾವೆ, ಅಷ್ಟೇ ವ್ಯತ್ಯಾಸ, ಆದ್ರೆ ಇಡೀ ನಡೆನೇ ಬೇರೆ ಅನ್ಸುತ್ತೆ. ಡೊಂಬಿವಲಿ ಲೋಕಲ್‌ನಲ್ಲಿ ಸೀಟ್ ಸಿಕ್ಕಿದ್ರೆ ತೊಡೆ ಮೇಲೆ ತಟ್ತಾ ಬನ್ನಿ, ನಾನು ಹಾಗೇ ಕಲ್ತಿದ್ದು.

ಆಮೇಲೆ ಕೇಳೋದು. ಹವಾನಾದಲ್ಲಿ ಹುಟ್ಟಿದ ಕಾಂಗಾ ವಾದಕ ಮೊಂಗೊ ಸಾಂತಾಮಾರಿಯಾ 1950ರಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿ ಜಾಜ್ ನುಡಿಸ್ತಾನೂ ಊರಿನ ಜನಪದ ಡ್ರಮ್ಮಿಂಗ್ ರೆಕಾರ್ಡ್ ಮಾಡಿದ್ರು, ಪರದೇಶದಲ್ಲಿದ್ದೂ ಬೇರು ಬಿಡಲಿಲ್ಲವಲ್ಲ, ಊರು ಬಿಟ್ಟು ಬಂದ ನಮಗೆ ಅದು ಬೇಗ ಅರ್ಥ ಆಗುತ್ತೆ. ರುಂಬಾದಲ್ಲಿ ಮೂರು ಡ್ರಮ್, ದಪ್ಪ ದನಿಯ ಎರಡು ಡ್ರಮ್ ನಡೆ ಹಿಡಿದಿರುತ್ತೆ, ಚಿಕ್ಕದಾದ ಕಿಂತೊ ಕುಣಿಯೋರ ಜೊತೆ ಮಾತಾಡುತ್ತೆ. ಮೊದಲು ಆ ದಪ್ಪ ದನಿ ಕಲೀರಿ, ಕಿಂತೊಗೆ ಆತುರ ಬೇಡ.

ಬಾತಾ ಡ್ರಮ್ ವಿಷಯ ಬೇರೆ. ಅದು ಯೊರುಬಾ ಮೂಲದ ಪೂಜೆಯ ವಾದ್ಯ, ದೀಕ್ಷೆ ಪಡೆದವರಷ್ಟೇ ಮುಟ್ಟೋ ಪ್ರತಿಷ್ಠೆ ಮಾಡಿದ ಸೆಟ್ ಇರುತ್ತೆ, ಭೂತಕೋಲದ ಪಾಡ್ದನನ ಪಾರ್ಟಿಲಿ ಹಾಡ್ತೀವಾ, ಹಾಗೇ ಇದನ್ನೂ ಫ್ಯೂಷನ್‌ಗೆ ಎಳೀಬೇಡಿ.

ಮಳೆಗಾಲದಲ್ಲಿ ಕಾಂಗಾದ ಚರ್ಮ ಸಡಿಲ ಆಗುತ್ತೆ, ನುಡಿಸೋ ಮುಂಚೆ ಬಿಗಿ ಮಾಡಿ, ಮುಗಿದ ಮೇಲೆ ಮರೀದೆ ಸಡಿಲಿಸಿ. ರಾತ್ರಿಯಾದ್ರೆ ಸದ್ದು ಕಮ್ಮಿ ಆಗ್ಲಿ ಅಂತ ಡ್ರಮ್ ಮೇಲೊಂದು ಟವೆಲ್ ಹಾಕಿ.