ವರ್ಷದ ಕೊನೆಯ ಸಂಜೆಗಳು: ನಮ್ಮ ಮನೆಯ ವಿಸ್ಕಿ, ವೈನ್ ಮತ್ತು ಹಿತಕಿದ ಅವರೆ

ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ನಮ್ಮ ಮನೆಯ ಸಾಮಾನಿನ ಪಟ್ಟಿಗೆ ಮೂರು ಹೊಸ ಹೆಸರು ಸೇರುತ್ತವೆ. ಒಂದು ಸಿಂಗಲ್ ಮಾಲ್ಟ್ ವಿಸ್ಕಿ (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಕಾರ್ಖಾನೆಯಲ್ಲಿ ಮಾಡಿದ್ದು), ಎರಡು ಬಾಟಲಿ ಕೆಂಪು ವೈನ್, ಒಂದು ಜಿನ್. ಕೇಕಿನ ರಮ್ ನವೆಂಬರಿನಲ್ಲೇ ಬಂದಿರುತ್ತದೆ, ಅದರ ವಿಷಯ ಆಮೇಲೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ಸಂಜೆಗಳಿಗೆ ನಮಗೆ ಇಷ್ಟು ಸಾಕು. ಬರುವವರು ಅಕ್ಕ, ಭಾವ, ಹತ್ತಿರದ ಕೆಲವು ಗೆಳೆಯರು, ಅಷ್ಟೇ.

ನಮ್ಮಲ್ಲಿ ವರ್ಷಪೂರ್ತಿ ಕುಡಿಯುವ ರೂಢಿ ಇಲ್ಲ. ಹಾಗಾಗಿ ಈ ಕೆಲವು ಸಂಜೆ ಕುಡಿಯುವುದನ್ನಾದರೂ ಚೆನ್ನಾಗಿ ಕುಡಿಯಬೇಕು ಅನ್ನೋದು ನನ್ನ ಹಟ. ಚೆನ್ನಾಗಿ ಅಂದರೆ ಜಾಸ್ತಿ ಅಂತಲ್ಲ. ಲೋಟದಲ್ಲಿ ಇರುವುದು ಎಲ್ಲಿ ಆಯಿತು, ಯಾಕೆ ಹೀಗೆ ರುಚಿಸುತ್ತದೆ ಅಂತ ಗೊತ್ತಿದ್ದುಕೊಂಡು ನಿಧಾನವಾಗಿ ಕುಡಿಯುವುದು. ವಿದೇಶದ ಬಾಟಲಿ ಇದ್ದರೆ ಮಾತ್ರ ಪಾರ್ಟಿ ಅನ್ನುವ ನಂಬಿಕೆ ಬೆಂಗಳೂರಿನಲ್ಲಿ ಇನ್ನೂ ಇದೆ. ನಾನು ಅದನ್ನು ಬಿಟ್ಟು ತುಂಬ ಕಾಲವಾಯಿತು. ನಮ್ಮ ಊರಿನ ಆಸುಪಾಸಿನಲ್ಲೇ ಇಷ್ಟು ಒಳ್ಳೆಯದು ಆಗುತ್ತಿರುವಾಗ ವಿಮಾನ ನಿಲ್ದಾಣದ ಅಂಗಡಿಯಿಂದ ತರಿಸುವುದು ಯಾಕೆ?

ವಿಸ್ಕಿಯಿಂದಲೇ ಶುರು ಮಾಡುತ್ತೇನೆ, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ನಾನು ತರುವುದು ಅಮೃತ್ ಫ್ಯೂಷನ್. ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಹತ್ತಿರ ಆಗುವ ಮಾಲ್ಟ್ ಇದು. ಕಂಪನಿ ಹುಟ್ಟಿದ್ದು 1948ರಲ್ಲಿ. ಆದರೆ ಸಿಂಗಲ್ ಮಾಲ್ಟ್ ಅಂತ ಮೊದಲು ಬಿಡುಗಡೆ ಮಾಡಿದ್ದು 2004ರಲ್ಲಿ, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ನಮ್ಮ ವಿಸ್ಕಿ ಕುಡಿದು ನೋಡಿ ಅಂದ ಧೈರ್ಯ ಅದು. 2010ರ ತಮ್ಮ ಪಟ್ಟಿಯಲ್ಲಿ ವಿಮರ್ಶಕ ಜಿಮ್ ಮರ್ರೆ ಫ್ಯೂಷನ್ನಿಗೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೇ ಸ್ಥಾನದಲ್ಲಿಟ್ಟರು. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇದರ ರುಚಿಯಲ್ಲಿ ನಮ್ಮ ಹವೆಯ ಪಾಲು ದೊಡ್ಡದು. ಓಕ್ ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ಸುಮ್ಮನೆ ಕೂತಿರುವುದಿಲ್ಲ, ವರ್ಷ ವರ್ಷ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಹೋದರೆ ಬೆಂಗಳೂರಿನಲ್ಲಿ 10ರಿಂದ 12 ಪರ್ಸೆಂಟ್ ಹೋಗುತ್ತದೆ. ಮಾಡುವವರಿಗೆ ಇದು ದೊಡ್ಡ ನಷ್ಟ. ಆದರೆ ಅದೇ ಬಿಸಿಗೆ ಮರದ ರುಚಿಯೂ ಬೇಗ ಇಳಿಯುತ್ತದೆ. ಅಲ್ಲಿ ಹನ್ನೆರಡು ವರ್ಷ ಕಾದರೆ ಬರುವ ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಹತ್ತಿರ ಬಂದಿರುತ್ತದೆ. ಅದಕ್ಕೇ ನಮ್ಮ ಮಾಲ್ಟ್ ಬಾಟಲಿಯ ಮೇಲೆ ವಯಸ್ಸು ಬರೆದಿಲ್ಲ ಅಂತ ಮೂಗು ಮುರಿಯುವವರನ್ನು ಕಂಡರೆ ಕೂರಿಸಿಕೊಂಡು ಇಷ್ಟೂ ಹೇಳಿಬಿಡುತ್ತೇನೆ.

ಫ್ಯೂಷನ್ನಿನಲ್ಲಿ ಎರಡು ಬಗೆಯ ಬಾರ್ಲಿ ಇದೆ. ನಮ್ಮ ದೇಶದ ಬಾರ್ಲಿ ಒಂದು, ಪೀಟ್ ಮಣ್ಣಿನ ಹೊಗೆ ಹಾಕಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿ ಇನ್ನೊಂದು. ಆಲ್ಕೋಹಾಲ್ 50 ಪರ್ಸೆಂಟ್. ಹಾಗಾಗಿ ನೀರು ಬೇಕೇ ಬೇಕು. ನಾನು 30 ಮಿ.ಲೀ. ಅಳೆದು, ಬಾಯಿ ಸ್ವಲ್ಪ ಕಿರಿದಾದ ಲೋಟಕ್ಕೆ ಹಾಕಿ, ಒಂದೈದು ನಿಮಿಷ ಹಾಗೇ ಬಿಡುತ್ತೇನೆ. ಮೊದಲು ವಾಸನೆ ನೋಡುವುದು, ಮೂಗನ್ನು ಲೋಟದೊಳಗೆ ತುರುಕದೆ. ಆಮೇಲೆ ಒಂದು ಚಮಚ ಮಾಮೂಲಿ ನೀರು. ತಣ್ಣೀರು ಬೇಡ, ಸೋಡಾ ಬೇಡ.

ಭಾವ ವರ್ಷಗಟ್ಟಲೆ ಸೋಡಾ, ಲೋಟದ ತುಂಬ ಐಸು ಅಂತ ಕುಡಿದವರು. ‘ಭಾವ, ಒಂದ್ಸಲ ಬರೀ ನೀರು ಹಾಕಿ ನೋಡಿ, ಇಷ್ಟ ಆಗದಿದ್ದರೆ ನಾನೇ ಸೋಡಾ ತಂದುಕೊಡ್ತೀನಿ’ ಅಂದೆ. ಅವರು ಎರಡು ಗುಟುಕು ಕುಡಿದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇದರಲ್ಲಿ ಹೊಗೆ ವಾಸನೆ ಮೊದಲಿಂದಲೂ ಇತ್ತೇನಮ್ಮ?’ ಅಂತ ಕೇಳಿದರು. ಇತ್ತು. ಐಸಿನ ಚಳಿಗೆ ವಾಸನೆ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ನೀರಿನ ವಿಷಯದಲ್ಲಿ 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಿದ್ದಾರೆ. ವಿಸ್ಕಿಗೆ ಹೊಗೆಯ ರುಚಿ ಕೊಡುವ ಗ್ವಾಯಕಾಲ್ ಎಂಬ ಅಂಶ, ನೀರು ಬೆರೆತು ಆಲ್ಕೋಹಾಲಿನ ಪ್ರಮಾಣ ಇಳಿದಾಗ ಮೇಲ್ಮೈಗೆ ಬರುತ್ತದೆಯಂತೆ. ನಮ್ಮ ಮೂಗಿಗೆ, ಬಾಯಿಗೆ ಮೊದಲು ತಾಗುವುದು ಅದೇ ಜಾಗ ಅಲ್ವಾ?

ಇನ್ನು ನೆಂಚಿಕೊಳ್ಳುವುದಕ್ಕೆ. ಈ ಕಾಲದಲ್ಲಿ ಬೆಂಗಳೂರಿನಲ್ಲಿ ಇದ್ದುಕೊಂಡು ಚಿಪ್ಸ್ ಪ್ಯಾಕೆಟ್ ಒಡೆಯುವುದು ನನ್ನ ಕೈಲಿ ಆಗುವುದಿಲ್ಲ. ಅವರೆಕಾಯಿ ಬಂದಿರುತ್ತದೆ. ಇಬ್ಬನಿ ಬಿದ್ದು ಸೊಗಡು ತುಂಬಿಕೊಂಡ ಕಾಯಿ. ಕಾಳು ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತಕುತ್ತೇವೆ. ಅತ್ತೆಯವರಿಗೆ ಮದ್ಯ ಅಂದರೆ ಆಗದು, ಆದರೆ ಅವರೆ ಹಿತಕಲು ಅವರೇ ಮುಂದೆ ಕೂರುತ್ತಾರೆ. ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು, ನೀರಿದ್ದರೆ ಎಣ್ಣೆ ಸಿಡಿಯುತ್ತದೆ. ಗರಿಗರಿಯಾಗಿ ಕರಿದು, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯನ್ನೂ ಅದೇ ಎಣ್ಣೆಯಲ್ಲಿ ಹುರಿದು, ಉಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿ ಉದುರಿಸುತ್ತೇನೆ. ಬ್ಯಾಡಗಿಯೇ ಯಾಕೆ ಅಂದರೆ ಬಣ್ಣ ಬರುತ್ತದೆ, ಖಾರ ಕಡಿಮೆ. ಖಾರ ಜಾಸ್ತಿಯಾದರೆ ವಿಸ್ಕಿ ಬರೀ ಉರಿಯಾಗಿ ಕಾಣುತ್ತದೆ. ಹೊಗೆ ವಾಸನೆಯ ಮಾಲ್ಟಿಗೂ ಈ ಅವರೆಗೂ ಆಗುವಷ್ಟು ಚೆನ್ನಾದ ಜೋಡಿ ನಾನು ಬೇರೆ ಕಂಡಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಪರಿಷೆಯಿಂದ ತಂದ ಕಡಲೆಕಾಯಿ ಉಳಿದಿದ್ದರೆ ಅದನ್ನೂ ಸಿಪ್ಪೆ ಸಮೇತ ಹುರಿದು ಇಡುತ್ತೇನೆ.

ಇದೇ ವಿಸ್ಕಿಯಿಂದ ಒಂದೇ ಒಂದು ಕಾಕ್‌ಟೇಲ್ ಮಾಡುತ್ತೇನೆ, ಓಲ್ಡ್ ಫ್ಯಾಷನ್ಡ್. ಒಳ್ಳೆಯ ಮಾಲ್ಟನ್ನು ಕಾಕ್‌ಟೇಲಿಗೆ ಹಾಕಬಾರದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದರಲ್ಲಿ ವಿಸ್ಕಿಯನ್ನು ಮುಚ್ಚುವಂಥದ್ದು ಏನೂ ಇಲ್ಲ. 1806ರಲ್ಲೇ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ) ಅಂತ ಬರೆದಿತ್ತು. ಓಲ್ಡ್ ಫ್ಯಾಷನ್ಡ್ ಅಂದರೆ ಇವತ್ತಿಗೂ ಅಷ್ಟೇ.

ಸಕ್ಕರೆಯ ಜಾಗದಲ್ಲಿ ನಾನು ಬೆಲ್ಲ ಹಾಕುತ್ತೇನೆ. ಮಲೆನಾಡಿನ ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ, ಸಿಕ್ಕಿದರೆ ಭಾಗ್ಯ, ಅರ್ಧ ಚಮಚ ಬಿಸಿನೀರಿನಲ್ಲಿ ಸಡಿಲಿಸಿದರೆ ಸಾಕು. ಇಲ್ಲದಿದ್ದರೆ ಕಪ್ಪು ಬಣ್ಣದ ಅಚ್ಚುಬೆಲ್ಲ 100 ಗ್ರಾಂ, ನೀರು 100 ಮಿ.ಲೀ., ಕರಗುವವರೆಗೆ ಕಾಯಿಸಿ ತೆಳು ಬಟ್ಟೆಯಲ್ಲಿ ಸೋಸುವುದು. ಬೆಲ್ಲದಲ್ಲಿ ಮಣ್ಣು ಇದ್ದೇ ಇರುತ್ತದೆ, ಸೋಸದೆ ಹಾಕಬೇಡಿ. ಲೋಟಕ್ಕೆ ಈ ಪಾಕ ಒಂದು ಟೀ ಚಮಚ, ಅಂಗೋಸ್ಟುರಾ ಬಿಟರ್ಸ್ ಎರಡು ಸಲ ಕೊಡವಿದಷ್ಟು, ವಿಸ್ಕಿ 60 ಮಿ.ಲೀ. ಮೇಲೆ ಒಂದೇ ದೊಡ್ಡ ಐಸ್ ಗಡ್ಡೆ.

ಐಸಿನ ಗಾತ್ರ ಇಲ್ಲಿ ಮುಖ್ಯ. ಅಷ್ಟೇ ತೂಕದ ಸಣ್ಣ ತುಂಡುಗಳು ಎಲ್ಲ ಕಡೆಯಿಂದ ಬೇಗ ಕರಗಿ ಲೋಟವನ್ನು ನೀರು ಮಾಡುತ್ತವೆ, ದೊಡ್ಡದು ನಿಧಾನ. ಇದಕ್ಕೆ ಬೇರೆ ಅಚ್ಚು ಕೊಳ್ಳುವುದು ಬೇಡ. ಚಟ್ನಿಗೆ ಇಡುವ ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ತುಂಬಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಡುತ್ತೇನೆ. ತೆಗೆಯುವಾಗ ಬಟ್ಟಲನ್ನು ನಲ್ಲಿ ನೀರಿಗೆ ಹಿಡಿದರೆ ಬಿಟ್ಟುಕೊಳ್ಳುತ್ತದೆ. ಅರ್ಧ ನಿಮಿಷ ಮೆಲ್ಲಗೆ ಕಲಕಿ, ಕೊಡಗಿನ ಕಿತ್ತಳೆಯ ಸಿಪ್ಪೆಯ ಒಂದು ಚೂರನ್ನು ಲೋಟದ ಮೇಲೆ ಹಿಂಡುತ್ತೇನೆ. ಕಣ್ಣಿಗೆ ಕಾಣದಷ್ಟು ಎಣ್ಣೆ ಬೀಳುತ್ತದೆ, ಅಷ್ಟರಲ್ಲೇ ಮೇಜಿನ ಸುತ್ತ ಘಮ ಹರಡಿರುತ್ತದೆ. ಬೆಲ್ಲ, ಹೊಗೆ, ಕಿತ್ತಳೆ ಮೂರೂ ಸೇರಿದರೆ ಆಲೆಮನೆಯ ಪಕ್ಕ ನಿಂತ ಹಾಗೆ. ಇದರಲ್ಲಿ ಎರಡು ಸಣ್ಣ ಪೆಗ್ ಇರುವುದರಿಂದ ಒಬ್ಬರಿಗೆ ಒಂದೇ. ಎರಡನೆಯದನ್ನು ನಾನು ಮಾಡಿಕೊಡುವುದಿಲ್ಲ, ಕೇಳಿದವರು ಬೇಜಾರು ಮಾಡಿಕೊಂಡರೂ.

ವೈನ್ ವಿಷಯದಲ್ಲಿ ನಾನು ಹೇಳುವುದು ಎರಡೇ ಮಾತು. ದೊಡ್ಡಬಳ್ಳಾಪುರದ ಕಡೆ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್‌ನವರ ದ್ರಾಕ್ಷಿ ತೋಟ ಇದೆ. ಅವರ ಲಾ ರಿಸರ್ವ್ ನಾನು ಕೊಳ್ಳುವ ಕೆಂಪು ವೈನ್, ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಎಂಬ ಎರಡು ಬಗೆಯ ದ್ರಾಕ್ಷಿ ಸೇರಿದ್ದು. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಅನ್ನುವ ಮಾತು ಯುರೋಪಿನ ತಣ್ಣನೆ ಮನೆಗಳಿಗೆ ಸರಿ. ಅದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ. ನಮ್ಮ ಹಾಲ್ ಡಿಸೆಂಬರಿನಲ್ಲೂ ಅಷ್ಟು ತಣ್ಣಗಿರುವುದಿಲ್ಲ. ಕೊಡುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಲ್ಲಿಡುತ್ತೇನೆ. ಬೆಚ್ಚಗಾದ ವೈನಿನಲ್ಲಿ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ರುಚಿ ಹಿಂದೆ ಬೀಳುತ್ತದೆ.

ಇನ್ನೊಂದು ಬಾಟಲಿ ಬಿಸಿ ವೈನಿಗೆ. ಜರ್ಮನಿಯ ಕ್ರಿಸ್‌ಮಸ್ ಸಂತೆಗಳಲ್ಲಿ ಗ್ಲೂವೈನ್ ಅಂತ ಮಾರುತ್ತಾರಲ್ಲ, ಅದು. ಇದಕ್ಕೆ ದುಬಾರಿ ಬಾಟಲಿ ಬೇಡ. ಸಿಹಿ ಇಲ್ಲದ ಯಾವ ಕೆಂಪು ವೈನ್ ಆದರೂ ಆಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯ ಪೋರ್ಟ್ ಬಗೆಯ ವೈನ್ ಮೊದಲೇ ಸಿಹಿ, ಅದನ್ನು ಹಾಕಿದರೆ ಬೆಲ್ಲ ಬಿಡಬೇಕು. ಮೊದಲು ಅರ್ಧ ಲೋಟ ನೀರಿಗೆ ಬೆಲ್ಲ 50 ಗ್ರಾಂ, ಚಕ್ಕೆ ಒಂದು, ಲವಂಗ ಐದಾರು, ಚಕ್ರಮೊಗ್ಗು ಒಂದು, ಕಿತ್ತಳೆ ಸಿಪ್ಪೆ ಹಾಕಿ ಚೆನ್ನಾಗಿ ಕುದಿಸಬೇಕು. ಮಸಾಲೆಯ ಸಾರ ಎಲ್ಲ ನೀರಿಗೆ ಇಳಿದ ಮೇಲೆ ಉರಿ ಸಣ್ಣ ಮಾಡಿ ವೈನ್ ಸುರಿಯುವುದು. ಅಲ್ಲಿಂದ ಮುಂದೆ ಕುದಿಯಲೇಬಾರದು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಘಮವೂ ಅದರ ಜೊತೆ ಹಾರಿಹೋಗುತ್ತದೆ. ಹಬೆ ಏಳುತ್ತಿದ್ದಂತೆ ಇಳಿಸಿ ಕಾಫಿ ಲೋಟಗಳಿಗೆ ಹಾಕುತ್ತೇನೆ. ತಾರಸಿಯಲ್ಲಿ ಶಾಲು ಹೊದ್ದು ಕೂತವರಿಗೆ ಇದಕ್ಕಿಂತ ಸುಖ ಬೇರೆ ಬೇಕಿಲ್ಲ.

ಜಿನ್ ಗೋವಾದ್ದು, ಪುನರ್ಪುಳಿ (ಕೋಕಂ ಎನ್ನುವ ಹುಳಿ ಹಣ್ಣು) ಕರಾವಳಿಯದ್ದು. 45 ಮಿ.ಲೀ. ಜಿನ್, 30 ಮಿ.ಲೀ. ಪುನರ್ಪುಳಿ ಪಾಕ, ಚಿಟಿಕೆ ಉಪ್ಪು, ಸೋಡಾ. ನೋಡುವುದಕ್ಕೇ ಚೆಂದ.

ಕುಡಿಯದವರಿಗೆ ನಾನು ಬೇರೆ ಲೋಟ ಇಡುವುದಿಲ್ಲ. ಅದೇ ಪುನರ್ಪುಳಿಗೆ ಜಿನ್ ಬದಲು ಶುಂಠಿ ರಸ ಹಾಕಿ ಅದೇ ಚೆಂದದ ಲೋಟದಲ್ಲಿ ಕೊಡುತ್ತೇನೆ. ಬಿಸಿ ವೈನಿನ ಮಸಾಲೆಯನ್ನು ದ್ರಾಕ್ಷಿ ರಸಕ್ಕೆ ಹಾಕಿ ಇನ್ನೊಂದು ಪಾತ್ರೆ ಮಾಡುತ್ತೇನೆ. ಅತ್ತೆ ಕುಡಿಯುವುದು ಇದನ್ನೇ, ಸ್ವಲ್ಪ ಕಾಳುಮೆಣಸು ಸೇರಿಸಿಕೊಂಡು. ‘ಒಂದ್ ಗುಟುಕು ಕುಡೀರಿ, ಏನಾಗಲ್ಲ’ ಅನ್ನುವ ಒತ್ತಾಯ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮಾಡುವ ಹಾಗಿಲ್ಲ.

ಈಗ ರಮ್. ನವೆಂಬರ್ ಮೊದಲಲ್ಲಿ ಕಪ್ಪು ದ್ರಾಕ್ಷಿ, ಒಣದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆ ಎಲ್ಲ ಸಣ್ಣಗೆ ಹೆಚ್ಚಿ, ಗಾಜಿನ ಭರಣಿಗೆ ತುಂಬಿ, ಮುಳುಗುವಷ್ಟು ರಮ್ ಹಾಕಿ ಕತ್ತಲಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ಒಣ ಚಮಚದಲ್ಲಿ ಕಲಕುವುದು. ಡಿಸೆಂಬರ್ 20ರ ಹೊತ್ತಿಗೆ ಕೇಕ್. ಸಕ್ಕರೆಯನ್ನು ಕಪ್ಪಗಾಗುವವರೆಗೆ ಕಾಯಿಸಿ ಹಾಕಿದರೇ ಆ ಬಣ್ಣ, ಆ ಸಣ್ಣ ಕಹಿ ಬರುತ್ತದೆ. ಮಂಗಳೂರಿನ ಗೆಳತಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬಿ ಕಳಿಸುತ್ತಾಳೆ, ಅದರಲ್ಲಿನ ಕಿಡ್ಯೋ, ನೆವ್ರಿ ನೋಡಿ ಮಕ್ಕಳು ಕೇಕನ್ನು ಮರೆಯುತ್ತಾರೆ. ದೊಡ್ಡವರು ಮರೆಯುವುದಿಲ್ಲ. ರಾತ್ರಿ ಊಟ ಆದ ಮೇಲೆ ತೆಳು ಹೋಳು ಕೇಕ್, ಪಕ್ಕದಲ್ಲಿ 15 ಮಿ.ಲೀ. ಫ್ಯೂಷನ್. ಇಡೀ ಸೀಸನ್ನಿನಲ್ಲಿ ನಾನು ಎದುರು ನೋಡುವುದು ಈ ಹೊತ್ತನ್ನು.

ಉಳಿದದ್ದು ಬರೀ ವ್ಯವಸ್ಥೆ. ಖಾಲಿ ಹೊಟ್ಟೆಯಲ್ಲಿ ಯಾರಿಗೂ ಲೋಟ ಕೊಡುವುದಿಲ್ಲ, ಬಂದ ಕೂಡಲೇ ತಿಂಡಿ. ಪ್ರತಿ ಲೋಟದ ಜೊತೆ ಒಂದು ಲೋಟ ನೀರು. ಹತ್ತು ಗಂಟೆಗೆ ಮುದ್ದೆ, ಅವರೆಕಾಳು ಸಾರು ಬಡಿಸಿದರೆ ಬಾಟಲಿ ಒಳಗೆ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಆಲ್ಕೋಹಾಲ್ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಒಂದೇ ಪೆಗ್ ಅಲ್ವಾ ಅನ್ನುವ ಲೆಕ್ಕ ಬೇಡ, ಕುಡಿದವರ ಗಾಡಿ ಕೀ ನನ್ನ ಹತ್ತಿರ. ಕ್ಯಾಬ್ ಸಿಗದಿದ್ದರೆ ಚಾಪೆ, ರಗ್ಗು ಇವೆ, ಇಲ್ಲೇ ಮಲಗಿ ಬೆಳಿಗ್ಗೆ ಇಡ್ಲಿ ತಿಂದು ಹೋಗಲಿ.

ಉಳಿದ ವೈನಿಗೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕುಡಿಯಬಹುದು. ಅದಕ್ಕಿಂತ ಹಳೆಯದಾದರೆ ಸೇಬು ಹೆಚ್ಚಿ, ಬೆಲ್ಲ ಹಾಕಿ, ಆ ವೈನಿನಲ್ಲೇ ಬೇಯಿಸುತ್ತೇನೆ. ವಿಸ್ಕಿ ಮಾತ್ರ ಅರ್ಧ ಬಾಟಲಿಯ ಹತ್ತಿರ ಉಳಿದಿರುತ್ತದೆ. ಬಿಸಿಲು ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಯುಗಾದಿಗೆ ಅಕ್ಕ, ಭಾವ ಬಂದಾಗ ಅದನ್ನು ಮತ್ತೆ ಹೊರಗೆ ತೆಗೆಯುತ್ತೇವೆ.