ದಿನಕ್ಕೆ ಅರವತ್ತು ಕಿಲೋಮೀಟರ್: ದೋರ್ದೋನ್ಯ ಕಣಿವೆಯಲ್ಲಿ ಅಮ್ಮನ ಜೊತೆ

ಫ್ರಾನ್ಸಿಗೆ ಹೋಗೋದು ಅಂತ ಆದಾಗ ಪ್ಯಾರಿಸ್ ಬೇಡ ಅಂತ ಮೊದಲೇ ತೀರ್ಮಾನಿಸಿದೆವು. ಅಮ್ಮನಿಗೆ ಮಂಡಿನೋವು. ದಿನಾ ಪೆಟ್ಟಿಗೆ ಕಟ್ಟಿ ಊರು ಬದಲಿಸುವುದು ಅವರಿಗೆ ಆಗುವ ಮಾತಲ್ಲ. ಹಾಗಾಗಿ ನೈಋತ್ಯ ಫ್ರಾನ್ಸಿನ ದೋರ್ದೋನ್ಯ ನದಿ ಕಣಿವೆಯಲ್ಲಿ, ಸಾರ್ಲಾ ಪಟ್ಟಣದ ಹತ್ತಿರ, ಅಡುಗೆಮನೆ ಇರುವ ಒಂದು ಮನೆಯನ್ನು ಒಂಬತ್ತು ದಿನಕ್ಕೆ ಹಿಡಿದೆವು. ಬೆಳಿಗ್ಗೆ ಹೊರಟು ಸಂಜೆ ಅದೇ ಮನೆಗೆ ವಾಪಸ್. ದಿನಕ್ಕೆ ಅರವತ್ತು ಕಿಲೋಮೀಟರ್ ದಾಟಬಾರದು ಅಂತ ನಿಯಮ. ರೊಕಮದೂರು ಅನ್ನೋ ಯಾತ್ರಾಸ್ಥಳಕ್ಕೆ ಹೋದ ದಿನ ಮಾತ್ರ ಅದನ್ನು ಮುರಿದೆವು.

ಊರಿನಲ್ಲೇ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಜೊತೆಗೆ ನಮ್ಮ ಮೂಲ ಲೈಸೆನ್ಸೂ ಇರಬೇಕು. ಬೋರ್ದೋ ವಿಮಾನ ನಿಲ್ದಾಣದಲ್ಲಿ ಕಾರು ತಗೊಂಡೆವು. ಗೇರ್ ಕಾರಿಗೆ ಬಾಡಿಗೆ ಕಡಿಮೆ, ಆದರೂ ಆಟೋಮ್ಯಾಟಿಕ್ಕೇ ತಗೊಂಡೆ. ಅಲ್ಲಿ ಸ್ಟೀರಿಂಗ್ ಎಡಗಡೆ, ಗಾಡಿ ಓಡಿಸೋದು ರಸ್ತೆಯ ಬಲಗಡೆ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಬಲಗೈಯಲ್ಲಿ ಗೇರ್ ಹಾಕೋದನ್ನೂ ಕಲಿಯುವುದು ಬೇಡ ಅನಿಸಿತು. ಪಕ್ಕದಲ್ಲಿ ಕೂತ ಹೆಂಡತಿ ಮೊದಲ ಎರಡು ದಿನ ಪ್ರತಿ ತಿರುವಿನಲ್ಲೂ "ಬಲಕ್ಕೆ, ಬಲಕ್ಕೆ" ಅನ್ನುತ್ತಿದ್ದಳು. ಅದು ನಿಜಕ್ಕೂ ಬೇಕಿತ್ತು.

ಹಳ್ಳಿ ದಾರಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ. ಕೆಂಪು ಅಂಚಿನ ಊರ ಹೆಸರಿನ ಫಲಕ ಕಂಡ ಕೂಡಲೇ ಅದು 50ಕ್ಕೆ ಇಳಿಯುತ್ತದೆ, ಪಕ್ಕದಲ್ಲಿ ಬೇರೆ ಬೋರ್ಡ್ ಇರುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಬೇರೆ ಗುರುತು ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ಗಾಡಿಗೆ ದಾರಿ ಬಿಡಬೇಕು, ಅದು ಎಷ್ಟು ಸಣ್ಣ ಓಣಿಯಿಂದ ಬಂದರೂ ಸರಿ. ಹಳದಿ ವಜ್ರದಾಕಾರದ ಫಲಕ ಇದ್ದರೆ ಮೊದಲ ಹಕ್ಕು ನಮ್ಮದು.

ಊಟದ ಹೊತ್ತಿನ ಪಾಠ ಎರಡನೇ ದಿನವೇ ಆಯಿತು. ಒಂದು ಹಳ್ಳಿ ಹೋಟೆಲಿಗೆ ಎರಡೂಕಾಲಿಗೆ ಹೋದೆವು, ಅಡುಗೆಮನೆ ಮುಚ್ಚಿತ್ತು. ಅಮ್ಮ ಚೀಲದಲ್ಲಿದ್ದ ಬಾಳೆಹಣ್ಣು ತಿಂದು ಸುಮ್ಮನಾದರು. ನನಗೆ ತುಂಬಾ ಬೇಜಾರಾಯಿತು. ಮಾರನೇ ದಿನದಿಂದ ಹನ್ನೆರಡೂವರೆಗೆಲ್ಲ ಊಟಕ್ಕೆ ಕೂರುತ್ತಿದ್ದೆವು, ಇಲ್ಲವೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ಅದು ಬಾತುಕೋಳಿ ಮಾಂಸಕ್ಕೆ ಹೆಸರಾದ ಸೀಮೆ. ನಮ್ಮಂಥ ಸಸ್ಯಾಹಾರಿಗಳಿಗೆ ಬಿಸಿ ಮೇಕೆಹಾಲಿನ ಚೀಸ್ ಹಾಕಿದ ಸಲಾಡ್ ಸಿಗುತ್ತದೆ. ಮೇಲೆ ಆ ಊರಿನದೇ ಅಕ್ರೋಟು.

ಸಾರ್ಲಾದ ಶನಿವಾರದ ಸಂತೆಗೆ ಬೆಳಿಗ್ಗೆ ಎಂಟಕ್ಕೇ ಹೋಗಿ. ಜೇನುಬಣ್ಣದ ಕಲ್ಲಿನ ಮನೆಗಳು, ಮೇಲೆ ಕಲ್ಲಿನ ಚಪ್ಪಡಿಯದೇ ಮಾಡು. ಇಡೀ ಊರು ಹೀಗೆ ಉಳಿದುಕೊಳ್ಳಲು ಒಂದು ಕಾರಣ, ಹಳೇ ಪೇಟೆಗಳನ್ನು ಕಾಪಾಡಲು ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ 1962ರಲ್ಲಿ ತಂದ ಕಾನೂನು. ಮಾರನೇ ವರ್ಷ, ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯನ್ನು ಜನರಿಗೆ ಮುಚ್ಚಿಸಿದವರೂ ಅವರೇ. ನೋಡುಗರ ಉಸಿರಿಗೇ ಚಿತ್ರಗಳು ಹಾಳಾಗುತ್ತಿದ್ದವು.

ನದಿ ಪಕ್ಕದ ದಾರಿಯಲ್ಲಿ ಬೆನಾಕ್ ಕೋಟೆ ಹತ್ತಿ ನಿಂತರೆ ಆಚೆ ದಡದಲ್ಲಿ ಕಸ್ತೆಲ್ನೋ ಕೋಟೆ ಕಾಣುತ್ತದೆ. ನೂರು ವರ್ಷಗಳ ಯುದ್ಧದಲ್ಲಿ ಇದು ಫ್ರೆಂಚರ ಕಡೆ, ಅದು ಬಹುಕಾಲ ಇಂಗ್ಲಿಷರ ಕಡೆ. ಕಾರಿನಲ್ಲಿ ಹತ್ತೇ ನಿಮಿಷದ ದೂರ! ದಿನಾ ಬೆಳಿಗ್ಗೆ ಎದ್ದು ಶತ್ರುವಿನ ಮನೆ ಹೊಗೆ ನೋಡುತ್ತಾ ಬದುಕಿದ್ದರು ಅಲ್ವಾ? ಮಧ್ಯೆ ನದಿ ಮಾತ್ರ ತಣ್ಣಗೆ ಹರಿಯುತ್ತಿತ್ತು.

ರೊಕಮದೂರಿನಲ್ಲಿ ಬಂಡೆಗೆ ಅಂಟಿದ ಗುಡಿಗಳಿಗೆ 216 ಮೆಟ್ಟಿಲು. ಹಿಂದೆ ಯಾತ್ರಿಕರು ಮಂಡಿಯೂರಿ ಹತ್ತುತ್ತಿದ್ದರು ಅಂತ ಹೇಳಿದಾಗ ಅಮ್ಮ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. "ನಮ್ಮ ಹರಕೆ ತರಾನೇ ಕಣೋ ಇದೂ" ಅಂದರು. ಅವರನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋದೆ. ಕಪ್ಪು ಮರದ ಮೇರಿ ಮಾತೆಯ ಮುಂದೆ ತುಂಬಾ ಹೊತ್ತು ಕೂತಿದ್ದರು.

ಕೊನೆಯ ದಿನವನ್ನು ಫೋಂ ದ ಗೋಮ್ ಗುಹೆಗೆ ಇಟ್ಟುಕೊಂಡಿದ್ದೆವು. ಲಾಸ್ಕೋದಲ್ಲಿ ಈಗ ನೋಡಲು ಸಿಗುವುದು ಪ್ರತಿಕೃತಿ, ಇಲ್ಲಿ ಅಸಲಿ ಚಿತ್ರಗಳೇ ಇವೆ. ಒಂದು ಸಲಕ್ಕೆ ಕೆಲವರನ್ನು ಮಾತ್ರ ಬಿಡುತ್ತಾರೆ, ಫೋಟೋ ತೆಗೆಯುವಂತಿಲ್ಲ. ಒಳಗೆ ಕಿರಿದಾದ ದಾರಿ, ತಂಪು, ಮಬ್ಬು. ಮೊದಲು ಬರೀ ಗೋಡೆ ಕಂಡಿತು. ಗೈಡ್ ಸಣ್ಣ ಬೆಳಕನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿದರು. ಕಲ್ಲಿನ ಉಬ್ಬೇ ಕಾಡೆಮ್ಮೆಯ ಬೆನ್ನಾಯಿತು. ಮುಂದೆ ಎರಡು ಹಿಮಸಾರಂಗ. ಒಂದು ಮಂಡಿಯೂರಿದೆ, ಇನ್ನೊಂದು ಬಗ್ಗಿ ಅದರ ಹಣೆ ನೆಕ್ಕುತ್ತಿದೆ. ಬಣ್ಣ ಬಹಳ ಮಾಸಿದೆ. ನಾಲಿಗೆಯ ಗೆರೆ ಮಾತ್ರ ಸಣ್ಣಗೆ ಕಾಣುತ್ತಿತ್ತು.

ಅಮ್ಮ ನನ್ನ ತೋಳು ಹಿಡಿದುಕೊಂಡು ಕಿವಿಯಲ್ಲಿ ಹೇಳಿದರು, "ಹಸು ಕರೂನ ನೆಕ್ಕಿದ ಹಾಗೇ ಇದೆ ನೋಡು." ಆಮೇಲೆ ಗೈಡ್ ಬೆಳಕು ಆರಿಸಿದರು.