ಸರ್ವರ್ ಕೆಡಿಸಿಟ್ಟು ಕೆಲಸಕ್ಕೆ ಆರಿಸಿದ ಬಗೆ

ಸಂದರ್ಶನಕ್ಕೆ ಬಂದವರಿಗೆ ನಾವೇ ದುಡ್ಡು ಕೊಡೋಣ ಎಂದಾಗ ನನ್ನ ಪಾಲುದಾರರು ನಕ್ಕಿದ್ದರು. ನಮ್ಮ ಲೆಕ್ಕಪರಿಶೋಧಕರು ಇದನ್ನು ಯಾವ ಖಾತೆಗೆ ಬರೆಯಬೇಕು ಎಂದು ಕೇಳಿ ಅವರನ್ನು ಇನ್ನಷ್ಟು ನಗಿಸಿದರು. ಎರಡು ವರ್ಷದ ಮೇಲಾಯಿತು. ಈ ಕ್ರಮದಲ್ಲಿ ಸೇರಿಸಿಕೊಂಡ ಎಂಟೋ ಒಂಬತ್ತೋ ಮಂದಿಯಲ್ಲಿ ಬಿಟ್ಟುಹೋದವರು ಒಬ್ಬರೇ, ಅದೂ ಮದುವೆಯಾಗಿ ಪುಣೆಗೆ. ಈಗ ಪಾಲುದಾರರು ಎಲ್ಲರಿಗೂ ಇದು ತಮ್ಮದೇ ಉಪಾಯವೆಂಬಂತೆ ಹೇಳುತ್ತಾರೆ. ಹೇಳಲಿ ಬಿಡಿ.

ನಮ್ಮದು ಮೈಸೂರಿನ ಸಣ್ಣ ಕಂಪನಿ. ಔಷಧ ಅಂಗಡಿಗಳು, ನರ್ಸಿಂಗ್ ಹೋಂಗಳು, ಒಂದಿಷ್ಟು ಪತ್ತಿನ ಸಹಕಾರ ಸಂಘಗಳ ಬಿಲ್ಲಿಂಗ್ ಮತ್ತು ಸರ್ವರ್‌ಗಳನ್ನು ನೋಡಿಕೊಳ್ಳುತ್ತೇವೆ. ಬೆಂಗಳೂರಿನ ಸಂಬಳ ಕೊಡುವ ಶಕ್ತಿ ನಮಗಿಲ್ಲ. ಮೊದಮೊದಲು ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿಗಳನ್ನು ನಂಬಿದೆವು. ಅವರ ದರ ನಿಮಗೂ ಗೊತ್ತು: ವಾರ್ಷಿಕ ಸಂಬಳದ 8.33%, ಮೇಲೆ 18% ಜಿಎಸ್‌ಟಿ. ನಾಲ್ಕೂವರೆ ಲಕ್ಷದ ಹುಡುಗನಿಗೆ ನಲವತ್ತು ಸಾವಿರ ದಾಟುತ್ತದೆ. ಬದಲಿ ಕೊಡುವ ಮೂರು ತಿಂಗಳ ಗಡುವು ಮುಗಿದ ವಾರವೇ ಒಬ್ಬ ರಾಜೀನಾಮೆ ಕಳಿಸಿದ. ಇನ್ನೊಬ್ಬ ನಮ್ಮ ಆಫರ್ ಪತ್ರವನ್ನು ಬೇರೆಡೆ ತೋರಿಸಿ ಸಂಬಳ ಏರಿಸಿಕೊಂಡು ಅಲ್ಲೇ ಸೇರಿದ. ಮತ್ತೊಬ್ಬನ ವಿಡಿಯೊ ಸಂದರ್ಶನದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆವು. ಕೆಲಸಕ್ಕೆ ಬಂದ ದಿನ ಕೇಳಿದ ದನಿಯೇ ಬೇರೆ! ಒಂದೇ ವರ್ಷದಲ್ಲಿ ಹೀಗೆ ಹೋದದ್ದು ಎರಡೂವರೆ, ಮೂರು ಲಕ್ಷ.

ಆನ್‌ಲೈನ್ ಕೋಡಿಂಗ್ ಪರೀಕ್ಷೆಯನ್ನೂ ಇಟ್ಟು ನೋಡಿದೆವು. ಒಗಟಿನಂಥ ಪ್ರಶ್ನೆಗಳನ್ನು ಪಟಪಟನೆ ಬಿಡಿಸಿದವರು ‘ಬಿಲ್ ಪ್ರಿಂಟ್ ಆಗುತ್ತಿಲ್ಲ’ ಎಂಬ ಕರೆ ಬಂದರೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಕುಳಿತರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಆ ಪರೀಕ್ಷೆಗೆ ಅರ್ಥವೇ ಉಳಿಯಲಿಲ್ಲ.

ಈಗ ಮಾಡುವುದು ಇಷ್ಟೇ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಡೆ, ಒಂದು ಸಣ್ಣ ಉಬುಂಟು (ಲಿನಕ್ಸ್) ಯಂತ್ರವನ್ನು ಬೇಕೆಂದೇ ಕೆಡಿಸಿಟ್ಟು ಕೈಗೆ ಕೊಡುತ್ತೇವೆ. ಒಂದೂವರೆ ಗಂಟೆ ಸಮಯ. ಗೂಗಲ್, ಎಐ ಏನು ಬೇಕಾದರೂ ಬಳಸಬಹುದು. ಗೆದ್ದರೂ ಸೋತರೂ ಸಾವಿರ ರೂಪಾಯಿ ಯುಪಿಐ. ಯಂತ್ರದ ಬಾಡಿಗೆ ಹತ್ತು ರೂಪಾಯಿಯೂ ಆಗುವುದಿಲ್ಲ.

ಮೊದಲ ದೋಷವನ್ನು ಹೇಳಿಬಿಡುತ್ತೇನೆ. ಡಿಸ್ಕ್ ತುಂಬಿ ಡೇಟಾಬೇಸ್ ಬರೆಯಲಾಗದೆ ನಿಂತಿದೆ. ತುಂಬಿಸಿದ್ದು ಬಿಲ್ಲಿಂಗ್ ಸೇವೆಯ ಲಾಗ್ ಕಡತ, ಅಂದರೆ ಅದು ತನ್ನ ಕೆಲಸವನ್ನು ಬರೆದಿಡುತ್ತ ಹೋಗುವ ದಿನಚರಿ. ಎಐ ಸಾಮಾನ್ಯವಾಗಿ ಅದನ್ನು ಅಳಿಸಲು ಹೇಳುತ್ತದೆ. ಅಳಿಸುತ್ತಾರೆ. ಡಿಸ್ಕ್ ಎಷ್ಟು ತುಂಬಿದೆಯೆಂದು ಹೇಳುವ ಡಿಎಫ್ (df) ಆದೇಶ ಆಗಲೂ 100% ಎನ್ನುತ್ತದೆ, ಕಾಣುವ ಕಡತಗಳ ಗಾತ್ರ ಕೂಡಿಸುವ ಡಿಯು (du) ಲೆಕ್ಕದಲ್ಲಿ ಮಾತ್ರ ಅರ್ಧ ಖಾಲಿ. ಅಳಿಸಿದ ಕಡತವನ್ನು ಸೇವೆ ಇನ್ನೂ ತೆರೆದೇ ಇಟ್ಟುಕೊಂಡಿರುತ್ತದೆಯಲ್ಲ, ಅದರ ಜಾಗ ಬಿಡುಗಡೆಯಾಗಿರುವುದಿಲ್ಲ! ಇಲ್ಲಿ ಜನ ಬೇರೆಬೇರೆಯಾಗುತ್ತಾರೆ. ಕೆಲವರು ತೆರೆದಿರುವ ಕಡತಗಳನ್ನು ತೋರಿಸುವ ಎಲ್‌ಎಸ್‌ಒಎಫ್ (lsof) ಹಾಕಿ ಹಿಡಿಯುತ್ತಾರೆ. ಕೆಲವರು ಯಂತ್ರವನ್ನೇ ರೀಬೂಟ್ ಮಾಡಿ ‘ಸರಿಯಾಯಿತು ಸಾರ್’ ಎನ್ನುತ್ತಾರೆ. ಸರಿಯಾಗಿರುತ್ತದೆ, ಲಾಗ್ ಮತ್ತೆ ತುಂಬುವ ಮುಂದಿನ ವಾರದವರೆಗೆ. ಸಂಬಂಧವೇ ಇಲ್ಲದ ಕಡೆ ಅನುಮತಿಗಳನ್ನೆಲ್ಲ 777 ಮಾಡಿ, ಅಂದರೆ ಯಾರು ಬೇಕಾದರೂ ಓದಿ ತಿದ್ದುವಂತೆ ಬಿಟ್ಟು, ಹೋದವರೂ ಉಂಟು. ಎರಡನೇ ದೋಷ ಯಾವುದೆಂದು ಹೇಳುವುದಿಲ್ಲ. ಮೊದಲನೆಯದು ಸರಿಯಾದ ಹೊರತು ಅದು ಕಾಣಿಸದು, ಅಷ್ಟೇ.

ಮೂರು ಕ್ಲೌಡ್ ಪ್ರಮಾಣಪತ್ರಗಳಿದ್ದ ಎಂಜಿನಿಯರ್ ಒಬ್ಬ ಎರಡನ್ನೂ ಮುಕ್ಕಾಲು ಗಂಟೆಯೊಳಗೆ ಸರಿಮಾಡಿದ. ಲಾಗ್‌ನಲ್ಲಿ ಏನಿದೆಯೆಂದು ತೆರೆದೂ ನೋಡದೆ ಅಳಿಸಿದ್ದ. ಬೇಡವೆಂದೆ, ಪಾಲುದಾರರು ನನ್ನೊಡನೆ ಎರಡು ದಿನ ಮಾತು ಬಿಟ್ಟರು. ಅದೇ ವಾರ ಬಂದ, ಹುಣಸೂರು ಕಡೆಯ ಬಿಸಿಎ ಹುಡುಗಿ ಎರಡನೆಯದನ್ನು ಮುಟ್ಟಲೂ ಇಲ್ಲ. ಆದರೆ ಮೊದಲ ಆದೇಶ ಹಾಕುವ ಮುಂಚೆ ಕೇಳಿದ್ದಳು: “ಈಗ ಅಂಗಡಿ ತೆರೆದಿದೆಯೇ ಸಾರ್? ಸೇವೆಯನ್ನು ಒಂದು ನಿಮಿಷ ನಿಲ್ಲಿಸಬಹುದೇ? ಬ್ಯಾಕಪ್ ಎಲ್ಲಿದೆ?” ಅವಳನ್ನು ತೆಗೆದುಕೊಂಡೆವು. ಇಂದು ರಾತ್ರಿಪಾಳಿಯ ಹೊಣೆ ಅವಳದು. ಅವಳಿದ್ದರೆ ನನ್ನ ಮೊಬೈಲ್ ಬೆಳಗಿನವರೆಗೆ ಬಡಿದುಕೊಳ್ಳುವುದಿಲ್ಲ.

ಆಮೇಲೆ ಫೋನ್. ಕೋಪಗೊಂಡ ಔಷಧ ಅಂಗಡಿಯವನಾಗಿ ನಾನೇ ಕನ್ನಡದಲ್ಲಿ ಕೂಗಾಡುತ್ತೇನೆ: “ಗಿರಾಕಿಗಳು ಸಾಲುಗಟ್ಟಿದ್ದಾರೆ, ಏನು ಮಾಡುತ್ತಿದ್ದೀರಿ ಸ್ವಾಮಿ!” ಕ್ಷಮೆ ಕೇಳುತ್ತ ಕೂರುವವರು ಹೆಚ್ಚು. “ಎಲ್ಲ ಕಂಪ್ಯೂಟರ್‌ಗಳಲ್ಲೂ ಹೀಗೆಯೇ, ಒಂದರಲ್ಲಿ ಮಾತ್ರವೇ?” ಎಂದು ಕೇಳುವವರು ಐದರಲ್ಲಿ ಒಬ್ಬರಿರಬಹುದು. ಕರೆಯ ಕೊನೆಯಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಬಹುಪಾಲು ತೀರ್ಮಾನ ಅದರ ಮೇಲೆಯೇ. ಅದನ್ನು ಬರೆದರೆ ನಾಳೆ ಬರುವವರೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕೊನೆಗೆ ಹತ್ತು ಸಾಲಿನ ಟಿಪ್ಪಣಿ ಬರೆಸುತ್ತೇವೆ: ಏನಾಗಿತ್ತು, ಏನು ಮಾಡಿದೆ, ಏನು ಉಳಿದಿದೆ. ‘ಉಳಿದಿದೆ’ ಭಾಗವನ್ನು ಖಾಲಿ ಬಿಟ್ಟವರನ್ನು ನಾನು ನಂಬುವುದಿಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಇಬ್ಬರನ್ನು ಒಂದೇ ಯಂತ್ರಕ್ಕೆ ಕೂರಿಸಿದೆ; ಡಿಪ್ಲೊಮಾ ಹುಡುಗ ಕೆಲಸ ಮಾಡಿದ, ಪಕ್ಕದವನು ವಿವರಣೆ ಕೊಟ್ಟ. ಕೈಬಿಟ್ಟೆ. ಎಐ ನಿಷೇಧಿಸಿ ನೋಡಿದೆ. ಒಳ್ಳೆಯವರು ಒಳ್ಳೆಯವರಾಗಿಯೇ ಉಳಿದರು, ತುಸು ನಿಧಾನವಾದರು. ಫಲ ಕೊಟ್ಟದ್ದು ಟರ್ಮಿನಲ್ ದಾಖಲೆ. ತೆರೆಯ ಮೇಲೆ ಬಂದದ್ದನ್ನೆಲ್ಲ ಕಡತಕ್ಕೆ ಬರೆಯುವ ಸ್ಕ್ರಿಪ್ಟ್ (script) ಆದೇಶದಿಂದ ಇಡೀ ಒಂದೂವರೆ ಗಂಟೆಯನ್ನು ಉಳಿಸಿ, ರಾತ್ರಿ ಕಾಫಿಯೊಂದಿಗೆ ಓದುತ್ತೇನೆ. ಯಾರು ದೋಷದ ಸಂದೇಶವನ್ನು ಓದಿ ಮುಂದೆ ಹೋದರು, ಯಾರು ಸುಮ್ಮನೆ ನಕಲಿಸಿ ಅಂಟಿಸಿದರು ಎಂಬುದು ಅಲ್ಲಿ ಅಡಗುವುದಿಲ್ಲ.

ಒಬ್ಬರ ಆಯ್ಕೆಗೆ ಈಗ ಎಲ್ಲ ಸೇರಿ ಹತ್ತು, ಹನ್ನೆರಡು ಸಾವಿರ ಬೀಳುತ್ತದೆ. ಇದೇ ಗಾತ್ರದ ಕಂಪನಿ ನಡೆಸುವವರು ಕೇಳಿದರೆ ಆ ಯಂತ್ರದ ಇಮೇಜನ್ನು, ಅಂದರೆ ಪಡಿಯಚ್ಚನ್ನು, ಕೊಡುತ್ತೇನೆ, ಎರಡನೇ ದೋಷವನ್ನು ತೆಗೆದು.